ಒಂದೇ ಟೇಕ್ ವಾರಿಜಕ್ಕ

ವಾರಿಜಾಕ್ಷಿ ಎಂಬ ಪೂರ್ತಿ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ವೀಸಾ ಕಾಗದ ಟೈಪ್ ಮಾಡುವವರು ಮಾತ್ರ. ದುಬೈನ ಊದ್ ಮೇಥಾದ ಶಾಲೆಯ ಬಸ್ಸಿನಲ್ಲಿ ಆಯಾ ಆಗಿದ್ದ ಅವಳು ಮಕ್ಕಳಿಗೆ ಆಂಟಿ. ಅಲ್ ನಹ್ದಾದಲ್ಲಿ ಒಂದು ಮಂಚ, ಅರ್ಧ ಕಪಾಟು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಬರೀ ವಾರಿಜ. ಅಲ್ ಕುಸೈಸಿನ ಒಂದು ಬಟ್ಟೆ ಗೋದಾಮಿನಲ್ಲಿ ಮಾತ್ರ, ಅದೂ ಶುಕ್ರವಾರ ಮಾತ್ರ, ಅವಳು ‘ಒಂದೇ ಟೇಕ್ ವಾರಿಜಕ್ಕ’. ಆ ಹೆಸರೆಂದರೆ ಅವಳಿಗೆ ಪ್ರಾಣ. ಯಾರಾದರೂ ಹಾಗೆ ಕರೆದರೆ, “ಸಾಕು ಮಾರಾಯ, ತಮಾಷೆ ಮಾಡ್ಬೇಡ” ಎನ್ನುತ್ತಲೇ, ಇನ್ನೊಮ್ಮೆ ಕರೆಯಲಿ ಎಂದು ಅಲ್ಲೇ ಸುಳಿದಾಡುತ್ತಿದ್ದಳು.

ಗೋದಾಮು ಇಕ್ರಾಮುಲ್ಲಾ ಸಾಹೇಬರದ್ದು. ಭಟ್ಕಳದ ನವಾಯತ ವ್ಯಾಪಾರಿ ಮನೆತನದವರು. ದೇರಾದಲ್ಲಿ ಅಪ್ಪನ ಕಾಲದಿಂದ ಬಟ್ಟೆಯ ಅಂಗಡಿ. ಊರಿನಲ್ಲಿ ಕನ್ನಡ ಶಾಲೆಗೆ ಹೋದವರಾದ್ದರಿಂದ ಕನ್ನಡ ಸಿನಿಮಾದ ಹುಚ್ಚು ಹತ್ತಿತ್ತು. ಬೇರೆಯವರು ಸಿಗರೇಟು ಸೇದುವುದನ್ನು ಮುಚ್ಚಿಡುವ ಹಾಗೆ ಅವರು ಈ ಹುಚ್ಚನ್ನು ಅಣ್ಣಂದಿರಿಂದ ಮುಚ್ಚಿಟ್ಟಿದ್ದರು. ೨೦೧೨ರಲ್ಲಿ ಗೋದಾಮಿಗೆ ಹೊಸ ಎಸಿ ಹಾಕಿಸಬೇಕೆಂದು ಕಂಪೆನಿಯೊಂದನ್ನು ಕರೆದರೆ, ಅಳತೆಗೆ ಬಂದವನು ಪೃಥ್ವಿರಾಜ್. ಕಾರ್ಕಳದ ಕಡೆಯ ಹುಡುಗ, ಹೊಟ್ಟೆಪಾಡಿಗೆ ಎಸಿ ಕಂಪೆನಿ, ತಲೆಯ ತುಂಬ ಸಿನಿಮಾ. ಟೇಪು ಹಿಡಿದುಕೊಂಡೇ ಮಾತಿಗೆ ಕೂತವನು ಸಂಜೆಯ ತನಕ ಏಳಲಿಲ್ಲ. ಎಸಿಯ ಲೆಕ್ಕ ಆ ದಿನ ಆಗಲೇ ಇಲ್ಲ. ‘ಆಚೆಕರೆ ಪಿಕ್ಚರ್ಸ್’ ಎಂಬ ಸ್ಟುಡಿಯೋ ಮಾತ್ರ ಆಗಿಹೋಯಿತು.

ಸ್ಟುಡಿಯೋ ಎಂದಾಕ್ಷಣ ದೊಡ್ಡದಾಗಿ ಏನನ್ನೋ ಊಹಿಸಿಕೊಳ್ಳಬೇಡಿ. ಗೋದಾಮಿನ ಅರ್ಧದಲ್ಲಿ ಪಾಲಿಯೆಸ್ಟರ್ ಬಟ್ಟೆಯ ಮೂಟೆಗಳು, ಇನ್ನರ್ಧದಲ್ಲಿ ಪ್ಲೈವುಡ್ಡಿನ ಗೋಡೆಗಳು. ಹೊರಗಿನ ಲಾರಿಗಳ ಸದ್ದನ್ನು ಆ ಮೂಟೆಗಳೇ ಕುಡಿದುಬಿಡುತ್ತಿದ್ದವು. ಎಲ್ಲರೂ ಸಂಬಳದವರು, ರಜೆ ಸಿಗುವುದು ಶುಕ್ರವಾರ ಒಂದೇ. ಬೆಳಿಗ್ಗೆ ಸೇರಿ, ನಡುವೆ ಸಾಹೇಬರು ಜುಮ್ಮಾ ನಮಾಜಿಗೆ ಹೋಗಿ ಬಂದು, ಅವರ ಹೆಂಡತಿ ಸಫೂರಾ ಕಳಿಸಿದ ಬಿರಿಯಾನಿ ಉಂಡು, ಮತ್ತೆ ಸಂಜೆಯ ತನಕ. ಹೀಗೆ ವರ್ಷಗಟ್ಟಲೆ ಶುಕ್ರವಾರಗಳನ್ನು ಹೊಲಿದು ಒಂದು ಸಿನಿಮಾ ಮಾಡುವುದು. ಅಷ್ಟರಲ್ಲಿ ಯಾರದ್ದೋ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋಗಿಬಿಡುತ್ತಿದ್ದರು. ಮೊದಲ ಸಿನಿಮಾದಲ್ಲಿ ನಾಯಕನ ತಮ್ಮ ಅರ್ಧದಲ್ಲಿ ಕಾಣೆಯಾಗುತ್ತಾನಲ್ಲ, ಕಥೆಯಲ್ಲಿ ಅದಕ್ಕೆ ಕಾರಣವೇ ಇಲ್ಲ.

ದೊಡ್ಡ ತಾಪತ್ರಯವೆಂದರೆ ಎಸಿ. ಅದರ ಗೊರಗೊರ ಮೈಕಿಗೆ ಬೀಳುತ್ತಿತ್ತು. ಬೇರೆ ಕಡೆ ನಿರ್ದೇಶಕರು ‘ಸೈಲೆನ್ಸ್’ ಎಂದು ಕೂಗಿದರೆ ಇಲ್ಲಿ ಪೃಥ್ವಿರಾಜ್ “ಎಸಿ ಬಂದ್!” ಎಂದು ಕೂಗುತ್ತಿದ್ದ. ತನಗೆ ಅನ್ನ ಕೊಡುವ ಎಸಿಯನ್ನು ವಾರಕ್ಕೊಮ್ಮೆ ಕೊಂದು ಸೇಡು ತೀರಿಸಿಕೊಳ್ಳುತ್ತಾನೆ ಎಂದು ತಂಡದವರು ನಗುತ್ತಿದ್ದರು. ಬಂದ್ ಆದ ಕೆಲವೇ ನಿಮಿಷಗಳಲ್ಲಿ ತಗಡಿನ ಸೂರು ಕಾದು, ಬೆವರಿಳಿದು, ಮೇಕಪ್ಪು ಕುತ್ತಿಗೆಗೆ ಬರುತ್ತಿತ್ತು. ಹಾಗಾಗಿ ಯಾರು ಒಂದೇ ಸಲಕ್ಕೆ ಸರಿಯಾಗಿ ಮಾಡುತ್ತಾರೋ ಅವರೇ ಆ ಗೋದಾಮಿನ ದೊಡ್ಡ ಕಲಾವಿದರು. ವಾರಿಜಕ್ಕನಿಗೆ ಎರಡನೇ ಟೇಕ್ ಎನ್ನುವುದೇ ಗೊತ್ತಿರಲಿಲ್ಲ. ಉಳಿದ ಹೆಂಗಸರು ಅಳುವ ದೃಶ್ಯಕ್ಕೆ ಗ್ಲಿಸರಿನ್ ಹಾಕಿಸಿಕೊಂಡು ಕಣ್ಣು ಕೆಂಪು ಮಾಡಿಕೊಂಡರೆ ಇವಳು ಪಕ್ಕದಲ್ಲಿ ನಿಂತು, “ಪೈಸೆ ಕೊಟ್ಟು ಅಳುದಾ? ನಮ್ಮಲ್ಲಿ ಪುಕ್ಕಟೆ ಉಂಟು” ಎಂದು ಕಿಚಾಯಿಸುತ್ತಿದ್ದಳು.

ಅವಳನ್ನು ಸ್ಟುಡಿಯೋಕ್ಕೆ ತಂದದ್ದು ಸಾಹೇಬರ ಮಗಳು ಹುಮೈರ. ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗಿ. “ಬಾಬಾ, ಅವರ್ ಬಸ್ ಆಂಟಿ ಕ್ಯಾನ್ ಡೂ ಎವ್ರಿಬಡೀಸ್ ವಾಯ್ಸ್” ಎಂದು ಮನೆಯಲ್ಲಿ ಹೇಳಿದ್ದಳು. ನಿಜವೇ ಆಗಿತ್ತು. ಪ್ರಿನ್ಸಿಪಾಲರು, ಪಠಾಣ ಡ್ರೈವರು, ಅಳುಬುರುಕ ಮಕ್ಕಳ ತಾಯಂದಿರು ಎಲ್ಲರೂ ಅವಳ ಗಂಟಲಲ್ಲಿ ಇದ್ದರು. ಸಾಹೇಬರು ಒಂದು ಬೆಳಿಗ್ಗೆ ಬಸ್ ಸ್ಟಾಪಿಗೆ ಬಂದು, ಸಂಕೋಚದಿಂದ, “ಅಮ್ಮ, ನೀವು ಪಿಚ್ಚರಲ್ಲಿ ಮಾಡ್ತೀರಾ?” ಎಂದು ಕೇಳಿದರು. ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ, “ಎಂತ ಪಿಚ್ಚರ್? ಮರ್ಯಾದೆದ್ದಾ?” ಎಂದಳು. ಸಾಹೇಬರು ಕಿವಿ ಮುಟ್ಟಿಕೊಂಡರು.

ಕಟಪಾಡಿಯ ಹತ್ತಿರದ ಒಂದು ಬೀಡಿ ಕಟ್ಟುವ ಮನೆಯಿಂದ ಬಂದವಳು ಅವಳು. ಗಂಡ ಎನ್ನುವವನು ಒಬ್ಬ ಇದ್ದ. ಮುಂಬೈಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಮತ್ತೆ ಉಳಿದದ್ದು ತಾಯಿ ಒಬ್ಬಳೇ. ಆ ತಾಯಿಯನ್ನು ಸಾಕಲೆಂದೇ ತೊಂಬತ್ತರ ದಶಕದಲ್ಲಿ ಅಬುಧಾಬಿಗೆ ಮನೆಗೆಲಸದ ವೀಸಾದಲ್ಲಿ ಬಂದಳು. ಮನೆಯವರು ಊರ ಕಡೆಯವರೇ. ಕೆಟ್ಟವರೇನಲ್ಲ; ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಊಟಕ್ಕೆ ಕಡಿಮೆ ಮಾಡುತ್ತಿರಲಿಲ್ಲ. ಪಾಸ್‌ಪೋರ್ಟ್ ಮಾತ್ರ ಯಜಮಾನರ ಕಪಾಟಿನಲ್ಲಿ ಇರುತ್ತಿತ್ತು. ಆಗ ಎಲ್ಲರದ್ದೂ ಹಾಗೆಯೇ ಇರುತ್ತಿತ್ತು ಎಂದು ಅವಳೇ ಅವರ ಪರವಾಗಿ ಹೇಳುತ್ತಿದ್ದಳು.

ತಾಯಿ ಸತ್ತ ಸುದ್ದಿ ಆ ಮನೆಯ ಅಡುಗೆಮನೆಗೆ ಬಂತು. ಅಂದು ಮಗುವಿನ ಹುಟ್ಟುಹಬ್ಬ, ಹೊರಗೆ ನೆಂಟರು, ಒಲೆಯ ಮೇಲೆ ಪೂರಿಯ ಎಣ್ಣೆ. ಯಜಮಾನರು, “ಈಗ ಹೋಗಿ ಎಂತ ಮಾಡ್ತಿ? ನೀನು ಮುಟ್ಟುವಾಗ ಎಲ್ಲ ಮುಗಿದಿರ್ತದೆ” ಎಂದರು. ಅದೂ ಸುಳ್ಳಲ್ಲ. ಅವಳು “ಆಯ್ತು” ಎಂದು ಹೇಳಿ ಪೂರಿ ಕರಿದಳು. ಆಮೇಲೆ ಅಳೋಣ ಎಂದುಕೊಂಡಿದ್ದಳು. ಪಾತ್ರೆ ತೊಳೆಯುವುದಿತ್ತು, ಮರುದಿನ ಮಕ್ಕಳ ಶಾಲೆಯಿತ್ತು, ಮತ್ತೆ ರಮ್ಜಾನ್ ಬಂತು, ಅಳು ಬರಲಿಲ್ಲ. ಊರಿನಲ್ಲಿ ದೂರದ ನೆಂಟರೊಬ್ಬರು ಕೊಳ್ಳಿ ಇಟ್ಟರಂತೆ. ಬೊಜ್ಜ ಮಾಡಲಿಲ್ಲ. ಸತ್ತವರ ಹೆಸರಿನಲ್ಲಿ ಜನ ಸೇರಿ, ಎಲೆ ಹಾಕಿ ಉಂಡು, ಹೋದವರ ಒಳ್ಳೆಯ ಮಾತು ನಾಲ್ಕು ಆಡಿ ಏಳುವುದಕ್ಕೆ ತುಳುನಾಡಿನಲ್ಲಿ ಬೊಜ್ಜ ಎನ್ನುತ್ತಾರೆ. ಮಾಡಬೇಕಾದ ಮಗಳು ಇಲ್ಲಿದ್ದಳು. ಅಬುಧಾಬಿ ಬಿಟ್ಟು ದುಬೈಗೆ ಬಂದು, ಶಾಲೆಯ ಬಸ್ಸು ಹತ್ತಿ, ತಲೆ ನರೆತರೂ ಅವಳಿಗೆ ಅದೊಂದು ಬಾಕಿ ಎನಿಸುತ್ತಲೇ ಇತ್ತು.

ಆಚೆಕರೆಯ ಮೊದಲ ಸಿನಿಮಾ ಬ್ಯಾಚುಲರ್ ಕೋಣೆಯ ತಮಾಷೆ. ಅದರಲ್ಲಿ ಅವಳು ಊರಿನಿಂದ ಫೋನಿನಲ್ಲೇ ಮಗನನ್ನು ಬೈಯುವ ತಾಯಿ. ಬಿಡುಗಡೆಯ ದಿನ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು. ಮರುದಿನ ಸೂಪರ್‌ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದವಳನ್ನು ನಿಲ್ಲಿಸಿ ಯಾರೋ ಫೋಟೋ ತೆಗೆದುಕೊಂಡರು. ಎರಡನೇ ಸಿನಿಮಾ ಅಬುಧಾಬಿಯಲ್ಲೂ ಓಡಿತು. ಪೃಥ್ವಿರಾಜನನ್ನು ಸ್ಟೇಜುಗಳ ಮೇಲೆ ಕೂರಿಸಿ ಶಾಲು ಹೊದಿಸಿದರು. ಅವನ ಹೆಂಡತಿ ಸುಪ್ರೀತಾ ಆ ಶಾಲುಗಳನ್ನೆಲ್ಲ ಮಡಿಸಿ, ಇಡಲು ಜಾಗವಿಲ್ಲದೆ ಗೋದಾಮಿಗೇ ಕಳಿಸಿದಳು. ಸೆಟ್ಟಿನ ಕಿಟಕಿಗಳಿಗೆ ಪರದೆಯಾದವು. ಪೃಥ್ವಿರಾಜ್ ಎಸಿ ಕಂಪೆನಿಯ ಕೆಲಸ ಬಿಡುವ ಮಾತೂ ಆಡತೊಡಗಿದ್ದ.

ಆದರೆ ಸಿನಿಮಾ ಓಡಿದ್ದು ಹೇಗೆ ಎನ್ನುವುದನ್ನೂ ಹೇಳಬೇಕು. ಕೊಲ್ಲಿಯ ನಮ್ಮ ಜನಕ್ಕೆ ಸಂಘ ಇಲ್ಲದಿದ್ದರೆ ನಿದ್ರೆ ಬಾರದು. ಜಾತಿಗೊಂದು, ತಾಲೂಕಿಗೊಂದು, ಸಂಘ ಒಡೆದು ಇನ್ನೊಂದು. ಇವು ಸಾಲುಗಟ್ಟಲೆ ಟಿಕೆಟು ಒಟ್ಟಿಗೆ ಕೊಂಡರೆ ಮಾತ್ರ ಥಿಯೇಟರು ಬಾಡಿಗೆಗೆ ಸಿಗುತ್ತಿತ್ತು. ಕೊಳ್ಳುವುದಕ್ಕೆ ಒಂದೇ ಷರತ್ತು: ಸಂಘದವರು ಯಾರಾದರೂ ಪರದೆಯ ಮೇಲೆ ಕಾಣಬೇಕು. ಅದಕ್ಕೇ ಆಚೆಕರೆಯ ಎಲ್ಲ ಸಿನಿಮಾದಲ್ಲೂ ಒಂದು ಮದುವೆ ಮಂಟಪ ಬರುತ್ತದೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಕಾರ್ಯದರ್ಶಿಗಳು ಸಫಾರಿ ಹಾಕಿ ಕೂತಿರುತ್ತಾರೆ. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೂ ಸಮನಾಗಿ ನಿಂತು ಸರಿಯುತ್ತದೆ. ತಂಡದಲ್ಲಿ ಇದಕ್ಕೆ ‘ಸಂಘದ ಶಾಟ್’ ಎಂದೇ ಹೆಸರು. ಮದುವೆ ಯಾರದ್ದು ಎಂದು ಕೇಳಬಾರದು.

ಮೂರನೇ ಸಿನಿಮಾ ಹೊತ್ತಿಗೆ ಪೃಥ್ವಿರಾಜನಿಗೆ ಈ ತಮಾಷೆ ಸಾಕಾಗಿತ್ತು. ಒಂದು ಶುಕ್ರವಾರ ಬಿರಿಯಾನಿ ಉಂಡು ಮೂಟೆಗಳ ಮೇಲೆ ಕಾಲು ಚಾಚಿದ್ದಾಗ, “ವಾರಿಜಕ್ಕ, ನಿಮ್ಮದೇ ಒಂದು ಕಥೆ ಹೇಳಿ. ನಿಜದ್ದು” ಎಂದ.

“ನಂದು ಎಂತ ಕಥೆ ಮಾರಾಯ? ಕೆಲಸ ಮಾಡಿದ್ದು, ಊಟ ಮಾಡಿದ್ದು.”

“ಅದೇ ಹೇಳಿ.”

ಅವಳು ಹೇಳಿದಳು. ಪೂರಿಯ ಎಣ್ಣೆ, ಫೋನು, ‘ಆಯ್ತು’ ಎಂದದ್ದು. ಬೇರೆ ಯಾರದ್ದೋ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿ ಮುಗಿಸಿ, ಬಿರಿಯಾನಿಯ ಪಾತ್ರೆ ತೊಳೆಯಲು ಎದ್ದಳು. ಇಕ್ರಾಮುಲ್ಲಾ ಸಾಹೇಬರು ಕೈಯಲ್ಲಿದ್ದ ಸುಲೈಮಾನಿ ಚಹಾವನ್ನು ಕುಡಿಯುವುದನ್ನೇ ಮರೆತಿದ್ದರು. ಪೃಥ್ವಿರಾಜ್ ಮಾತ್ರ, “ಇದೇ ನಮ್ಮ ಪಿಚ್ಚರ್” ಎಂದ. ಒಬ್ಬ ಮನೆಗೆಲಸದವಳ ಬದುಕು, ನಡುವೆ ಆ ಫೋನಿನ ದೃಶ್ಯ, ಉಳಿದದ್ದೆಲ್ಲ ಅದರ ಸುತ್ತ. ವಾರಿಜಕ್ಕನೇ ನಾಯಕಿ.

ಆ ದೃಶ್ಯ ತೆಗೆದದ್ದು ೨೦೧೭ರ ಆಗಸ್ಟಿನಲ್ಲಿ. ಶಾಲೆಗಳಿಗೆ ರಜೆ, ಊರಿಗೆ ಹೋಗುವವರೆಲ್ಲ ಹೋಗಿದ್ದರು. ಪ್ಲೈವುಡ್ಡಿನ ಅಡುಗೆಮನೆ, ಹಳೆಯ ಫೋನು. ಪೂರಿಯ ಬದಲು ಮಕ್ಕಳ ಊಟದ ಡಬ್ಬಿ ತುಂಬಿಸುವುದೆಂದು ಬದಲಿಸಿದ್ದರು. ಬಟ್ಟೆಯ ಮೂಟೆಗಳ ಪಕ್ಕ ಕುದಿಯುವ ಎಣ್ಣೆ ಬೇಡವೆಂದು ಸಾಹೇಬರು ಹಟ ಹಿಡಿದರು. ಡಬ್ಬಿ ಅವಳೇ ತಂದದ್ದು. ಯಾವುದೋ ಮಗು ಬಸ್ಸಿನಲ್ಲಿ ಮರೆತು, ಯಾರೂ ಕೇಳಿ ಬಾರದೆ ಉಳಿದ ಸ್ಟೀಲಿನ ಡಬ್ಬಿ, ಮುಚ್ಚಳ ಸ್ವಲ್ಪ ನೆಗ್ಗಿದ್ದು. ದೃಶ್ಯ ಇಷ್ಟೇ: ಫೋನು ಬರುತ್ತದೆ, ಕೇಳುತ್ತಾಳೆ, “ಆಯ್ತು” ಎನ್ನುತ್ತಾಳೆ, ಡಬ್ಬಿ ಮುಚ್ಚುತ್ತಾಳೆ, ಹೊರಗೆ ಹೋಗುತ್ತಾಳೆ. ಅಳುವುದು ಇರಲೇ ಇಲ್ಲ.

“ಎಸಿ ಬಂದ್!”

ಗೋದಾಮು ಒಮ್ಮೆಲೇ ನಿಶ್ಶಬ್ದವಾಯಿತು. ಆ ನಿಶ್ಶಬ್ದ, ಆ ಸೆಕೆ, ಮೂಗಿಗೆ ಬಡಿಯುವ ಚಪಾತಿಯ ವಾಸನೆ. ವಾರಿಜಕ್ಕ ಫೋನು ಎತ್ತಿದಳು, ಕೇಳಿದಳು, “ಆಯ್ತು” ಎಂದಳು. ಡಬ್ಬಿಗೆ ಮುಚ್ಚಳ ಹಾಕಿದಳು. ಅದು ಕೂರಲಿಲ್ಲ. ಒತ್ತಿದಳು, ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು. ತಿರುಗಿಸಿ ಒತ್ತಿದಳು, ಅಂಗೈಯಿಂದ ಗುದ್ದಿದಳು. ಅಬುಧಾಬಿಯ ಮನೆಯಲ್ಲಿ ಅಂದು ಎಲ್ಲವೂ ಹೇಗೆ ಹೇಳಿದ ಹಾಗೆ ಕೇಳಿತ್ತು! ಎಣ್ಣೆ ಕಾದಿತ್ತು, ಪೂರಿ ಉಬ್ಬಿತ್ತು. ಈ ದರಿದ್ರ ಮುಚ್ಚಳ ಮಾತ್ರ ಕೇಳುವುದಿಲ್ಲವಲ್ಲ ಎಂದು ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅದು ಬಂತು. “ಅಪ್ಪೇ,” ಎಂದಳು, ತುಳುವಿನಲ್ಲಿ, ತಾಯಿಯನ್ನು ಕರೆಯುವ ಮಾತು. ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡು ಅಲ್ಲೇ ನೆಲಕ್ಕೆ ಕೂತು ಅತ್ತಳು. ಅಷ್ಟು ವರ್ಷ ಎಲ್ಲಿತ್ತೋ, ಸದ್ದು ಮಾಡಿ, ಮೂಗು ಸೋರಿ, ಮುಖ ಸೊಟ್ಟಗಾಗಿ, ಸಿನಿಮಾದಲ್ಲಿ ಯಾರೂ ಅಳದ ಹಾಗೆ ಅತ್ತಳು.

ಪೃಥ್ವಿರಾಜ್ ‘ಕಟ್’ ಹೇಳಲಿಲ್ಲ. ಸಾಹೇಬರು ಮೂಟೆಗಳ ಕಡೆ ಮುಖ ತಿರುಗಿಸಿ ನಿಂತಿದ್ದರು. ಅವಳೇ ಕೊನೆಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಎಸಿ ಹಾಕಿ ಮಾರಾಯ್ರೇ, ಸಾಯ್ಲಿಕ್ಕಾಯ್ತು” ಎಂದಳು. ಆಗ ಎಲ್ಲರೂ ಉಸಿರು ಬಿಟ್ಟರು.

ಆ ದಿನ ಕೋಣೆಗೆ ಹೋದವಳು ತನ್ನ ಪಕ್ಕದ ಮಂಚದ ಲೀಲಮ್ಮನಿಗೆ ಎಲ್ಲ ಹೇಳಿದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ, ಇವಳಷ್ಟೇ ಹಳೆಯ ಕೊಲ್ಲಿಯ ಹೆಂಗಸು ಲೀಲಮ್ಮ. “ಹಗುರ ಆಯ್ತು ಲೀಲಮ್ಮ. ಅಮ್ಮನಿಗೆ ಅತ್ತಾಯ್ತು. ಇನ್ನು ಬೊಜ್ಜ ಒಂದು ಬಾಕಿ” ಎಂದಳು. ಅದಕ್ಕೊಂದು ಉಪಾಯವನ್ನೂ ಹೂಡಿದ್ದಳು. ಸಿನಿಮಾ ಬಿಡುಗಡೆಯ ದಿನ ತನ್ನವರನ್ನೆಲ್ಲ ಕರೆಯುವುದು, ಆ ಅಳುವನ್ನು ಎಲ್ಲರೂ ನೋಡುವುದು, ಮುಗಿದ ಮೇಲೆ ಹೋಟೆಲಿನಲ್ಲಿ ಕೂರಿಸಿ ಬಾಳೆಲೆ ಊಟ, ಅಮ್ಮನಿಗೆ ಇಷ್ಟದ ಕಡ್ಲೆಬೇಳೆ ಪಾಯಸ. ಇದು ಬೊಜ್ಜ ಎಂದು ಯಾರಿಗೂ ಹೇಳುವುದು ಬೇಡ. ಅಮ್ಮನಿಗೆ ಗೊತ್ತಾದರೆ ಸಾಕು. ಸಿನಿಮಾದಲ್ಲಿ ಬೊಜ್ಜ ಮಾಡುವವಳು ಲೋಕದಲ್ಲಿ ಇವಳೊಬ್ಬಳೇ ಇರಬೇಕು ಎಂದು ನಗು ಬಂದರೆ ನಗಿ. ಅವಳಿಗೆ ಬೇರೆ ದಾರಿ ಇರಲಿಲ್ಲ.

ಮರುವರ್ಷದ ಬೇಸಿಗೆಗೆ ಮುಂಚೆ ಬಿಡುಗಡೆಯಾಯಿತು. ಶುಕ್ರವಾರ ಬೆಳಗಿನ ಆಟ. ಜುಮ್ಮಾಕ್ಕೆ ಮುಂಚೆ ಹಾಲ್ ಬಿಟ್ಟುಕೊಡಬೇಕು. ವಾರಿಜಕ್ಕ ಮಾವಿನ ಚಿಗುರಿನ ಬಣ್ಣದ ಹೊಸ ಸೀರೆಯುಟ್ಟು ಬಂದಳು. ಲೀಲಮ್ಮ, ಬಸ್ಸಿನ ಉಳಿದ ಆಯಾಗಳು, ಪಠಾಣ ಡ್ರೈವರು, ಅಬುಧಾಬಿಯ ಹಳೆಯ ಗೆಳತಿ ವಸಂತಿ, ಎಲ್ಲರಿಗೂ ಅವಳದ್ದೇ ಟಿಕೆಟು. ಭಾಷೆ ತಿಳಿಯದ ಡ್ರೈವರಿಗೆ, “ಒಂದು ಜಾಗದಲ್ಲಿ ನಾನು ಅಳ್ತೇನೆ, ಆಗ ನೋಡಿದರೆ ಸಾಕು” ಎಂದು ಹಿಂದಿಯಲ್ಲಿ ಹೇಳಿ ಕೂರಿಸಿದ್ದಳು.

ಮೊದಲು ದೀಪ ಬೆಳಗುವ ಕಾರ್ಯಕ್ರಮ, ಭಾಷಣಗಳು. ಆಮೇಲೆ ಸಿನಿಮಾ. ಮದುವೆ ಮಂಟಪ ಬಂತು, ಹಾಲ್‌ನಲ್ಲಿ ಶಿಳ್ಳೆ. ಇನ್ನೊಂದು ಮಂಟಪ ಬಂತು, ಈ ಸಲ ಗೃಹಪ್ರವೇಶ. ಅಬುಧಾಬಿಯ ಹೋಟೆಲ್ ಮಾಲೀಕರೂ ದೊಡ್ಡ ಸಂಘವೊಂದರ ಅಧ್ಯಕ್ಷರೂ ಆದ ದ್ವಾರಕನಾಥರು ಮನೆಗೆಲಸದ ಹೆಂಗಸರ ಕಷ್ಟದ ಬಗ್ಗೆ ಪರದೆಯ ಮೇಲೆ ಉದ್ದನೆಯ ಭಾಷಣ ಮಾಡಿದರು. ವಾರಿಜಕ್ಕ ಚಪ್ಪಾಳೆ ತಟ್ಟುತ್ತಲೇ ಕಾದಳು. ಅಡುಗೆಮನೆ ಬಂದಾಗ ಲೀಲಮ್ಮನ ಕೈ ಹಿಡಿದುಕೊಂಡಳು. ಪರದೆಯ ಮೇಲಿನ ವಾರಿಜಕ್ಕ ಚಪಾತಿ ಸುತ್ತಿದಳು. ಫೋನು ಬಡಿದುಕೊಂಡಿತು. ಅವಳು ಅತ್ತ ತಿರುಗಿದಳು. ಅಲ್ಲಿಗೆ ದೃಶ್ಯ ಬದಲಾಗಿ ಕಡಲ ತೀರದ ಹಾಡು ಶುರುವಾಯಿತು.

ಇನ್ನು ಮುಂದೆ ಬರಬಹುದು ಎಂದು ಅವಳು ಕೊನೆಯ ತನಕ ಕಾದಳು. ದೀಪ ಹತ್ತಿದ ಮೇಲೂ ಪರದೆಯನ್ನೇ ನೋಡುತ್ತಾ ಕೂತಿದ್ದಳು. ಡ್ರೈವರು ಬಾಗಿ, “ಆಂಟಿ, ಕಬ್ ರೋಯಾ?” ಎಂದು ಮೆಲ್ಲಗೆ ಕೇಳಿದ. ಯಾವಾಗ ಅತ್ತಿರಿ ಎಂದು.

ಬಾಗಿಲ ಬಳಿ ಪೃಥ್ವಿರಾಜ್ ಕೈ ಮುಗಿಯುತ್ತಾ ನಿಂತಿದ್ದ. ಅವಳನ್ನು ಕಂಡು ಮುಖ ಬಿಳಿಚಿತು. “ಅಕ್ಕ, ನಿನ್ನೆ ಹೇಳ್ಬೇಕು ಅಂತ ಇದ್ದೆ. ಧೈರ್ಯ ಆಗ್ಲಿಲ್ಲ. ಜುಮ್ಮಾಕ್ಕೆ ಮೊದಲು ಹಾಲ್ ಕೊಡ್ಬೇಕಲ್ಲ? ಸಂಘದವರ ಒಬ್ಬರ ಮುಖ ತೆಗೆದ್ರೂ ಟಿಕೆಟ್ ವಾಪಸ್ ಅಂದ್ರು. ಸಂಘದವರು ಇಲ್ಲದ ಉದ್ದ ಸೀನ್ ಅದೊಂದೇ. ನೀವಾದ್ರೆ ನಮ್ಮವರು, ಅರ್ಥ ಮಾಡ್ಕೊಳ್ತೀರಿ ಅಂತ...” ಎಂದು ತೊದಲಿದ. “ಮುಂದೆ ಬೇರೆ ಪ್ರಿಂಟ್ ಮಾಡುವ. ಅದ್ರಲ್ಲಿ ಹಾಕ್ತೇನೆ. ಪ್ರಾಮಿಸ್.”

ನಮ್ಮವರು! ಯಾರಿಗೆ ಸಿಟ್ಟು ಬರುವುದಿಲ್ಲವೆಂದು ಗೊತ್ತೋ ಅವರ ಕುತ್ತಿಗೆಗೆ ಕತ್ತರಿ ಹಾಕುವಾಗ ನೆನಪಾಗುವ ಮಾತು ಅದು.

“ಆಯ್ತು” ಎಂದಳು ವಾರಿಜಕ್ಕ. ಹೇಳಿದ ಮೇಲೆ, ಈ ಮಾತನ್ನು ಇದೇ ಸ್ವರದಲ್ಲಿ ಹಿಂದೆಯೂ ಹೇಳಿದ್ದೇನೆ ಎನಿಸಿತು.

ಹೋಟೆಲಿನಲ್ಲಿ ಎಲೆ ಹಾಕಿ ಆಗಿತ್ತು. ಕರೆದವರನ್ನು ಹಾಗೆಯೇ ಕಳಿಸಲಾಗುತ್ತದೆಯೇ? ಅವಳು ಎಲ್ಲರನ್ನೂ ಕೂರಿಸಿ, ತಾನೇ ನಿಂತು ಪಾಯಸ ಬಡಿಸಿದಳು. ಸಿನಿಮಾ ಚೆನ್ನಾಗಿತ್ತು ಎಂದರು. ಕಡಲ ತೀರದ ಹಾಡು ಬಹಳ ಚೆನ್ನಾಗಿತ್ತು ಎಂದರು. ತಾಯಿಯ ಸುದ್ದಿ ಯಾರೂ ಎತ್ತಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಲೀಲಮ್ಮ ಒಬ್ಬಳೇ ಎಲೆಯ ಮುಂದೆ ತಲೆ ತಗ್ಗಿಸಿ ಕೂತು, “ಒಳ್ಳೆ ಪಾಯಸ, ನಿನ್ನ ಅಮ್ಮನ ಹೆಸರು ಉಳೀತು” ಎಂದಳು. ವಾರಿಜಕ್ಕ ಕೇಳಿಸದವಳಂತೆ ಮುಂದಿನ ಎಲೆಗೆ ಹೋದಳು.

ಆ ಸಿನಿಮಾದಿಂದ ಯಾರಿಗೂ ಒಳ್ಳೆಯದಾಗಲಿಲ್ಲ. ಯಾರ ಮುಖ ಎಷ್ಟು ಹೊತ್ತು ಬಂತು ಎಂದು ಅಧ್ಯಕ್ಷರುಗಳು ಮೊಬೈಲು ಹಿಡಿದು ಲೆಕ್ಕ ಹಾಕಿದ್ದರು. ದ್ವಾರಕನಾಥರ ಭಾಷಣ ತಮ್ಮದಕ್ಕಿಂತ ಉದ್ದವಾಯಿತೆಂದು ಎರಡು ಸಂಘಗಳು ಮುನಿದವು. ಒಂದು ತನ್ನದೇ ಸಿನಿಮಾ ಮಾಡುತ್ತೇನೆಂದು ಹೊರಟಿತು, ಮಾಡಲಿಲ್ಲ. ಭಾಷಣ ಕೇಳಿ ಬೇಸತ್ತ ಉಳಿದ ಜನ, ಎರಡನೇ ವಾರ ಬರಲಿಲ್ಲ. ಸುಳ್ಳು ಸಿನಿಮಾ ಎಂದು ಒಬ್ಬನು ಫೇಸ್‌ಬುಕ್ಕಿನಲ್ಲಿ ಬರೆದ. ಪೃಥ್ವಿರಾಜ್ ಆಗಲೇ ಎಸಿ ಕಂಪೆನಿಯ ಕೆಲಸ ಬಿಟ್ಟಿದ್ದ.

ಪೇಟೆಯೂ ಕೈಕೊಟ್ಟಿತು. ದೇರಾದಲ್ಲಿ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು. ಇಕ್ರಾಮುಲ್ಲಾ ಸಾಹೇಬರ ಅಣ್ಣಂದಿರು, ವ್ಯಾಪಾರ ಬಿಟ್ಟು ನಾಟಕಕ್ಕೆ ಹೋದವನಿಗೆ ಬರಕತ್ತು ಎಲ್ಲಿಂದ ಬರಬೇಕು ಎಂದರು. ಗೋದಾಮು ಖಾಲಿ ಮಾಡುವ ದಿನ ಸಾಹೇಬರು ವಾರಿಜಕ್ಕನನ್ನು ಕರೆಸಿ, ಕೊನೆಯ ಮೂಟೆಯಿಂದ ಒಂದು ಸೀರೆಯಷ್ಟು ಬಟ್ಟೆ ಕತ್ತರಿಸಿ ಕೈಗಿಟ್ಟರು. “ಖಲಾಸ್ ಅಮ್ಮ. ನಿಮ್ಮ ಆ ಸೀನಿದ್ದಿದ್ರೆ ಮುಳುಗಿದ್ರೂ ಮರ್ಯಾದೆಯಿಂದ ಮುಳುಗ್ತಿದ್ವಿ. ನಾನಾದ್ರೂ ಬಾಯಿ ಬಿಡ್ಬೇಕಿತ್ತು” ಎಂದರು. ಅವರು ಸಂಸಾರ ಸಮೇತ ಭಟ್ಕಳಕ್ಕೆ ಹೋದರು. ಪ್ಲೈವುಡ್ಡಿನ ಅಡುಗೆಮನೆಯನ್ನು ಕಸದ ಲಾರಿಗೆ ಹಾಕಿದ್ದನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದಳಂತೆ.

ಪೃಥ್ವಿರಾಜ್ ಆಚೆಕರೆಯ ಬೋರ್ಡನ್ನು ದುಬೈ ಸಿಲಿಕಾನ್ ಓಯಸಿಸ್ಸಿನ ಒಂದು ಪುಟ್ಟ ಆಫೀಸಿಗೆ ಒಯ್ದ. ಮದುವೆ, ಸೀಮಂತ, ಮಕ್ಕಳ ಹುಟ್ಟುಹಬ್ಬಗಳ ವಿಡಿಯೋ ತೆಗೆದು ಬದುಕು ನಡೆಸತೊಡಗಿದ. ೨೦೧೯ರಲ್ಲಿ ಒಂದು ದಿನ ವಾರಿಜಕ್ಕನಿಗೆ ಫೋನು ಮಾಡಿದ. ಕೊನೆಯದಾಗಿ ಒಂದು ಕಿರುಚಿತ್ರ ಮಾಡಿ ಚಿತ್ರೋತ್ಸವಕ್ಕೆ ಕಳಿಸುತ್ತಾನಂತೆ. ಸಂಘವಿಲ್ಲ, ಮಂಟಪವಿಲ್ಲ, ಆ ಫೋನಿನ ದೃಶ್ಯ ಮಾತ್ರ. ಅವಳಿಗೆ ಹಿಗ್ಗೋ ಹಿಗ್ಗು. ಅಂದಿನ ಪಾಯಸದ ಊಟ ಇನ್ನೊಮ್ಮೆ ಹಾಕೋಣ ಎಂದು ಲೀಲಮ್ಮನಿಗೆ ಹೇಳಿ, ಮಾವಿನ ಚಿಗುರಿನ ಬಣ್ಣದ ಅದೇ ಸೀರೆಯುಟ್ಟು ಹೊರಟಳು.

ಆಫೀಸಿನಲ್ಲಿ ಒಂದು ಮೇಜು, ಒಂದು ಫೋನು, ಪ್ಲಾಸ್ಟಿಕ್ಕಿನ ಹೊಸ ಊಟದ ಡಬ್ಬಿ, ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ.

“ಇದೆಲ್ಲ ಎಂತಕ್ಕೆ? ಅಂದು ತೆಗೆದದ್ದು ಉಂಟಲ್ಲ?” ಎಂದಳು.

ಪೃಥ್ವಿರಾಜ್ ತಲೆ ಎತ್ತಲಿಲ್ಲ. ತೆಳ್ಳಗಾಗಿದ್ದ, ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು. “ಇಲ್ಲ ಅಕ್ಕ. ಮದುವೆ ವಿಡಿಯೋ ಹಾಕ್ಲಿಕ್ಕೆ ಡಿಸ್ಕಲ್ಲಿ ಜಾಗ ಇರ್ಲಿಲ್ಲ. ಹಳೇದೆಲ್ಲ ಡಿಲೀಟ್ ಮಾಡಿದೆ. ಯಾವುದ್ರಲ್ಲಿ ಎಂತ ಇತ್ತು ಅಂತ ನೋಡ್ಲಿಲ್ಲ. ಆಮೇಲೆ ಹುಡುಕಿದೆ, ಬಹಳ ಹುಡುಕಿದೆ.” ಹೊಸ ಡಬ್ಬಿಯನ್ನು ಅವಳ ಕಡೆ ಸರಿಸಿ, “ಇನ್ನೊಂದು ಸಲ ಮಾಡಿ ಅಕ್ಕ. ನಿಮಗೆ ಒಂದೇ ಟೇಕ್ ಸಾಕಲ್ಲ” ಎಂದ.

ಅವಳಿಗೆ ಬೈಯಬೇಕೆನಿಸಿತು. ಬೈಗುಳ ಬಾಯಿಗೂ ಬಂದಿತ್ತು. ಅವನ ಅಂಗಿಯ ಕಾಲರು ಹರಿದಿದ್ದನ್ನು ಕಂಡು ನುಂಗಿಕೊಂಡು, “ಎಸಿ ಬಂದ್ ಮಾಡು” ಎಂದಳು.

“ಇದು ಇಡೀ ಬಿಲ್ಡಿಂಗಿಗೆ ಒಂದೇ ಎಸಿ, ಬಂದ್ ಮಾಡ್ಲಿಕ್ಕೆ ಆಗುದಿಲ್ಲ. ಸೌಂಡನ್ನು ಮತ್ತೆ ಕಂಪ್ಯೂಟರಲ್ಲಿ ತೆಗಿತೇನೆ. ನೀವು ಮಾಡಿ.”

ಅವಳು ಮಾಡಿದಳು. ಚಳಿಗೆ ಕೈ ಮರಗಟ್ಟಿತ್ತು. ಫೋನು ಎತ್ತಿದಳು, ಕೇಳಿದಳು, “ಆಯ್ತು” ಎಂದಳು. ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. ತೆರೆದು ಇನ್ನೊಮ್ಮೆ ಒತ್ತಿದಳು, ಮತ್ತೆ ಟಪ್ಪೆಂದು ಮುಚ್ಚಿತು. “ಅಪ್ಪೇ” ಎಂದಳು. ನೆಲಕ್ಕೆ ಕೂತು, ಡಬ್ಬಿ ಅವಚಿಕೊಂಡು, ಭುಜ ಕುಲುಕಿಸಿದಳು. ಎಲ್ಲ ಸರಿಯಾಗಿತ್ತು. ಕಣ್ಣು ಮಾತ್ರ ಒಣಗಿಕೊಂಡೇ ಇತ್ತು.

ಪೃಥ್ವಿರಾಜ್ ತೆಗೆದದ್ದನ್ನು ತೋರಿಸಿದ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. “ಚಂದ ಉಂಟು” ಎಂದಳು, “ನಾಟಕದ ಹಾಗೆ ಉಂಟು.”

“ಇನ್ನೊಮ್ಮೆ ಟ್ರೈ ಮಾಡುವ ಅಕ್ಕ. ಅಮ್ಮನನ್ನು ನೆನಪು ಮಾಡಿ.”

“ನೆನಪು ಯಾವಾಗ್ಲೂ ಉಂಟು ಮಾರಾಯ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. “ಅಳ್ಲಿಕ್ಕೆ ಇದ್ದದ್ದು ಒಂದು ಸಲ. ಅದು ನಿನ್ನ ಹತ್ರ ಇತ್ತು. ಜೋಪಾನ ಮಾಡ್ತಿ ಅಂತ ಕೊಟ್ಟದ್ದು.”

ಅವನು ಕ್ಯಾಮೆರಾದ ಹಿಂದೆ ಕುಸಿದು ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಅವನೇ ಅಳುತ್ತಿದ್ದ. ವಾರಿಜಕ್ಕ ಎದ್ದು ಹೋಗಬಹುದಾಗಿತ್ತು. ಹೋಗಿದ್ದರೆ ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ಅಳುವ ಮಕ್ಕಳನ್ನು ಬಿಟ್ಟು ಇಳಿದು ಅಭ್ಯಾಸವಿಲ್ಲದ ಹೆಂಗಸು. ಮೇಜಿನ ಮೂಲೆಯಲ್ಲಿದ್ದ ಮೇಕಪ್ಪಿನ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. ಪೌಡರು, ಬ್ರಷ್ಷು ಸರಿಸಿ ಒಂದು ಸಣ್ಣ ಬಾಟಲಿ ಹೊರಗೆ ತೆಗೆದಳು.

“ಏಳು. ಇದು ಹೇಗೆ ಹಾಕುದು, ನಂಗೆ ಗೊತ್ತಿಲ್ಲ.”

ಪೃಥ್ವಿರಾಜ್ ಎದ್ದು ಬಂದ. ಅವಳು ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ವಾಲಿಸಿ, ಕಣ್ಣು ದೊಡ್ಡದು ಮಾಡಿ ಸೂರು ನೋಡಿದಳು. ಅವನು ಗ್ಲಿಸರಿನ್ ಹಚ್ಚಿದ. ಉರಿಯಿತು, ನೀರು ಧಾರಾಳವಾಗಿ ಇಳಿಯಿತು. ಅವಳು ಒರೆಸಿಕೊಳ್ಳದೆ ನೆಲಕ್ಕೆ ಇಳಿದು, ಡಬ್ಬಿಯನ್ನು ಹೊಟ್ಟೆಗೆ ಅವಚಿಕೊಂಡಳು. ಪೃಥ್ವಿರಾಜ್ ಕ್ಯಾಮೆರಾ ಹಾಕಿ, ರೂಢಿಯಂತೆ, “ಸೀನ್ ಒಂದು, ಟೇಕ್ ಎರಡು” ಎಂದ.